ಒಂದರ ಪಕ್ಕ ಹದಿನಾರು

ದಬ್ಬಳದಕ್ಕನ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಅವಳಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಅವಳ ಪ್ರಾಣದ ಗೆಳತಿಗೆ ಗಂಡು ಹುಡುಕುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಎರಡು ದಿನ ಊಟ ಬಿಟ್ಟು ಗೋಡೆ ನೋಡುತ್ತ ಕೂತಳು. ಮೂರನೆಯ ದಿನ ಎದ್ದು, ತನ್ನ ಅಣ್ಣನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ತಲೆ ಬಾಚಿಸಿ, ಒಳ್ಳೆಯ ಅಂಗಿ ತೊಡಿಸಿ, ಗೆಳತಿಯ ಮನೆಗೆ ಎಳೆದುಕೊಂಡು ಹೋದಳು. ಅಣ್ಣನಿಗೆ ಮದುವೆಯ ಯೋಚನೆಯೇ ಇರಲಿಲ್ಲ. ಅವನ ಯೋಚನೆಯನ್ನು ಕೇಳಿದವರಾದರೂ ಯಾರು? ಹೀಗೆ ಗೆಳತಿ ಬೇರೆಯವರ ಪಾಲಾಗದೆ ಅತ್ತಿಗೆಯಾಗಿ ಮನೆಗೇ ಬಂದಳು. ಮದುವೆಯಾದ ಮೊದಲ ವರ್ಷ ಅಣ್ಣನ ಮೇಲೂ ಇವಳು ಮುಖ ಊದಿಸಿಕೊಂಡಿದ್ದಳು, ಅದು ಬೇರೆ ಮಾತು.

ಆಮೇಲೆ ಇವಳಿಗೂ ಮದುವೆಯಾಯಿತು. ಇವಳ ಮನೆ ಊರಿನ ಈ ತುದಿಗೆ, ಅಣ್ಣನದು ಆ ತುದಿಗೆ. ಆದರೂ ದಿನಕ್ಕೆ ಎಂಟು ಗಂಟೆ ಅತ್ತಿಗೆ ಇವಳ ಕಣ್ಣೆದುರಿಗೇ ಇರುತ್ತಿದ್ದಳು. ಇಬ್ಬರೂ ಒಂದೇ ಬೈಂಡಿಂಗ್ ಕಾರ್ಖಾನೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ, ಇಪ್ಪತ್ತೆರಡು ವರ್ಷದಿಂದ ಕೂತಿದ್ದರು. ಅತ್ತಿಗೆ ಕಾಗದ ಮಡಿಸಿ ತಳ್ಳುತ್ತಿದ್ದಳು, ನಾದಿನಿ ಹೊಲಿಯುತ್ತಿದ್ದಳು. ಹೊಲಿಯುವ ಕೈಯಲ್ಲಿ ಸದಾ ದಬ್ಬಳ ಇರುತ್ತಿದ್ದುದರಿಂದ ಆ ಹೆಸರು ಬಂತು ಎಂದು ಅವಳು ನಂಬಿದ್ದಳು. ನಾಲಿಗೆಯಿಂದ ಬಂತು ಎಂದು ಉಳಿದವರು ನಂಬಿದ್ದರು. ಎದುರಿಗೆ ಯಾರೂ ಹೇಳಲಿಲ್ಲ.

ಅವರ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬೇಕು. ಪುಸ್ತಕ ಒಂದೊಂದೇ ಪುಟವಾಗಿ ಅಚ್ಚಾಗಿ ಬರುವುದಿಲ್ಲ. ದೊಡ್ಡ ಹಾಳೆಯೊಂದರಲ್ಲಿ ಹದಿನಾರು ಪುಟ ಇರುತ್ತವೆ, ಅದಕ್ಕೆ ಫಾರಂ ಎನ್ನುತ್ತಾರೆ. ಬಿಡಿಸಿಟ್ಟ ಫಾರಮ್ಮಿನಲ್ಲಿ ಒಂದನೆಯ ಪುಟದ ಪಕ್ಕ ಎರಡು ಇರುವುದಿಲ್ಲ, ಹದಿನಾರು ಇರುತ್ತದೆ. ನಾಲ್ಕರ ಪಕ್ಕ ಹದಿಮೂರು, ಐದರ ಪಕ್ಕ ಹನ್ನೆರಡು. ಜೋಡಿ ಪುಟಗಳನ್ನು ಕೂಡಿದರೆ ಹದಿನೇಳು ಬರಬೇಕು, ಬರದಿದ್ದರೆ ಹಾಳೆ ತಪ್ಪು. ಮೂರು ಸಲ ಮಡಿಸಿದರೆ ಎಲ್ಲ ತಾನಾಗಿ ಸಾಲಿಗೆ ಬರುತ್ತವೆ. ಈ ಲೆಕ್ಕ ಇಬ್ಬರಿಗೂ ಎಷ್ಟು ಮೈಗೂಡಿತ್ತೆಂದರೆ, ಮನೆಯಲ್ಲಿ ಡಬ್ಬಿ ಜೋಡಿಸುವಾಗಲೂ ಕೈ ಹಾಗೇ ಓಡುತ್ತಿತ್ತು.

ಹೊಲಿದ ಪುಸ್ತಕಗಳ ಬೆನ್ನಿಗೆ ಅಂಟು ಬಳಿದು ಪ್ರೆಸ್ಸಿಗೆ ಬಿಗಿದ ಮೇಲೆ ಅರ್ಧ ಗಂಟೆ ಯಾರೂ ಏನೂ ಮಾಡುವಂತಿರಲಿಲ್ಲ. ಮೇಜು ಅಲುಗಾಡಬಾರದು, ಫ್ಯಾನು ತಿರುಗಬಾರದು, ಬಾಗಿಲು ದಢಾರನೆ ಬಡಿಯಬಾರದು. ಸುಮ್ಮನೆ ಕೂರುವುದೇ ಕೆಲಸ. ಬೆಳಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಬರುವ ಈ ಅಂಟಿನ ಹೊತ್ತಿಗೆ ಎಲ್ಲರ ಜೇಬಿನಿಂದ ಫೋನು ಹೊರಗೆ ಬರುತ್ತಿತ್ತು. ಯಾರು ಏನು ಆಡುತ್ತಿದ್ದಾರೆ, ಅದು ಹೇಗಿದೆ, ಅದೇ ಮಾತು.

ಅಂಟು ಕಾಯಿಸುವ ತಾತನದು ಲಾರಿ ಓಡಿಸುವ ಆಟ. "ಚೆನ್ನಾಗೇನೋ ಇದೆ. ಆದ್ರೆ ಅಷ್ಟು ದೊಡ್ಡ ಊರಲ್ಲಿ ಕೆಂಪು ದೀಪಕ್ಕೆ ನಿಲ್ಲೋನು ನಾನೊಬ್ಬನೇ. ಹಿಂದೆ ಇರೋರೆಲ್ಲ ಹಾರ್ನ್ ಹೊಡೀತಾರೆ," ಎಂದು ಅವನ ದೂರು. ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತುವವನು ನೂರು ಜನ ಒಂದೇ ದ್ವೀಪಕ್ಕಿಳಿದು ಗುಂಡು ಹಾರಿಸುವ ಆಟದಲ್ಲಿ ಮುಳುಗಿರುತ್ತಿದ್ದ. ಇವನು ಇಳಿದೊಡನೆ ಒಂದು ಪೊದೆ ಹುಡುಕಿ ಇಪ್ಪತ್ತು ನಿಮಿಷ ಅಲುಗಾಡದೆ ಕೂರುತ್ತಿದ್ದ. ಮೊನ್ನೆ ಹನ್ನೊಂದು ಜನ ಉಳಿದಿರುವವರೆಗೂ ಬದುಕಿದ್ದೆ, ಒಂದು ಗುಂಡೂ ಹಾರಿಸಲಿಲ್ಲ ಎಂದು ಎದೆಯುಬ್ಬಿಸಿ ಹೇಳಿದ. ಮೇಸ್ತ್ರಿ, "ನಂಗೆ ಈ ಹುಚ್ಚೆಲ್ಲ ಇಲ್ಲಪ್ಪ," ಎನ್ನುತ್ತಲೇ ರಿಜಿಸ್ಟರಿನ ಹಿಂದೆ ಸದ್ದು ಅಡಗಿಸಿ ಹಣ್ಣು ಜೋಡಿಸುವ ಆಟ ಆಡುತ್ತಿದ್ದ. ಹೆಬ್ಬೆರಳು ಅಡ್ಡಡ್ಡ ಓಡುವುದನ್ನು ಎಲ್ಲರೂ ನೋಡಿದ್ದರು. ನೋಡಿಯೂ ಸುಮ್ಮನಿದ್ದರು.

ಅತ್ತಿಗೆ ನಾದಿನಿಯರದು ಹಾವು ಏಣಿ. ಒಂದೇ ಫೋನು, ಮೇಜಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ. ಐದು ವರ್ಷದಿಂದ ಅದೇ ಆಟ. ಅತ್ತಿಗೆಯನ್ನು ಹಾವು ನುಂಗಿದರೆ ದಬ್ಬಳದಕ್ಕ ಕೇಕೆ ಹಾಕುತ್ತಿದ್ದಳು, ತನ್ನನ್ನು ನುಂಗಿದರೆ ಫೋನು ಹಾಳಾಗಿದೆ ಎನ್ನುತ್ತಿದ್ದಳು.

ಹೀಗಿರುವಾಗ ಕಟಿಂಗಿನವಳು ಬಂದಳು. ಮೊದಲು ರಟ್ಟಿನ ಪೆಟ್ಟಿಗೆ ಮಾಡುವ ಕಡೆ ಇದ್ದವಳು, ಮಹಡಿಯ ಮೇಲೆ ಹೊಸ ಕಟಿಂಗ್ ಮಷೀನಿಗೆ ಸೇರಿದಳು. ಮೂವತ್ತೈದರ ಹೆಂಗಸು, ನಕ್ಕರೆ ಇಡೀ ಕಟ್ಟಡಕ್ಕೆ ಕೇಳಬೇಕು. ಅವಳು ತನ್ನ ಜೊತೆ ಒಂದು ತೋಟದ ಆಟ ತಂದಳು. ಒಂದು ತೋಟಕ್ಕೆ ಇಬ್ಬರು. ಒಬ್ಬರು ನೀರು ಹಾಕಬೇಕು, ಇನ್ನೊಬ್ಬರು ಕಳೆ ಕೀಳಬೇಕು. ಜೊತೆಗಾರರು ಒಬ್ಬರೇ, ಇಬ್ಬರನ್ನು ಇಟ್ಟುಕೊಳ್ಳುವಂತಿಲ್ಲ. ಪಕ್ಕದ ತೋಟದಲ್ಲಿ ಏನೇನು ನೆಟ್ಟಿದೆ ಎಂದು ಬೇಲಿಯಾಚೆಯಿಂದ ನೋಡಬಹುದು, ಅವರ ಜೊತೆ ಬರೆದು ಮಾತಾಡಬಹುದು, ಅಷ್ಟೇ.

"ನೀವಿಬ್ರೂ ಸೇರಿ ಹಾಕ್ಕೊಳ್ಳಿ ಅಕ್ಕಾ, ಎಷ್ಟು ಚೆಂದ ಇದೆ ಗೊತ್ತಾ?" ಎಂದು ಕಟಿಂಗಿನವಳು ಮೊದಲು ಕೇಳಿದ್ದು ದಬ್ಬಳದಕ್ಕನನ್ನೇ.

"ಇಲ್ಲದ ಗಿಡಕ್ಕೆ ಇಲ್ಲದ ನೀರು ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದು ಇವಳು ಮೂಗು ಮುರಿದಳು.

"ಹಂಗಾದ್ರೆ ನಾನು ಇವಳ ಜೊತೆ ಆಡ್ಲಾ?" ಎಂದಳು ಅತ್ತಿಗೆ, ಮೆಲ್ಲಗೆ.

ದಬ್ಬಳದಕ್ಕ ಬೇಡ ಎನ್ನಲು ಬಾಯಿ ತೆರೆದಳು. ಆದರೆ ಇಲ್ಲದ ತೋಟದ ಮೇಲೆ ತನಗೆ ಹೊಟ್ಟೆಕಿಚ್ಚು ಎಂದು ಒಪ್ಪಿಕೊಂಡಂತಾಗುತ್ತದಲ್ಲ! "ನನ್ನನ್ಯಾಕೆ ಕೇಳ್ತೀಯಾ? ಆಡ್ಕೋ," ಎಂದು ದಾರಕ್ಕೆ ಮೇಣ ತೀಡತೊಡಗಿದಳು.

ಅಂದಿನಿಂದ ಅಂಟಿನ ಹೊತ್ತಿಗೆ ಅತ್ತಿಗೆ ಮೇಜು ಬಿಟ್ಟು ಮಹಡಿ ಮೆಟ್ಟಿಲಿಗೆ ಹೋಗಿ ಕಟಿಂಗಿನವಳ ಪಕ್ಕ ಕೂರತೊಡಗಿದಳು. ಹಾವು ಏಣಿ ನಿಂತಿತು. ಅವರಿಬ್ಬರ ತಲೆಗಳು ಒಂದೇ ಫೋನಿನ ಮೇಲೆ ಬಾಗುವುದನ್ನು ದಬ್ಬಳದಕ್ಕ ಮೇಜಿನಿಂದ ನೋಡುತ್ತಿದ್ದಳು. ನೋಡಬಾರದೆಂದು ಪ್ರೆಸ್ಸಿನ ಕಡೆ ತಿರುಗಿ ಕೂರುತ್ತಿದ್ದಳು. ಆಗ ನಗು ಕೇಳಿಸುತ್ತಿತ್ತು, ಮತ್ತೆ ತಿರುಗುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ಅದೇ ದಿನಗಳಲ್ಲಿ ಅತ್ತಿಗೆಯ ಮಡಿಕೆಗಳು ಕೂದಲೆಳೆಯಷ್ಟು ಓರೆಯಾಗಿ ಬರತೊಡಗಿದವು. ಇಪ್ಪತ್ತೆರಡು ವರ್ಷದಲ್ಲಿ ಹಾಗಾಗಿದ್ದಿಲ್ಲ. ಫಾರಂ ಎತ್ತಿ ಅವಳ ಮುಂದೆ ಹಿಡಿದು, "ಮನಸ್ಸೆಲ್ಲ ತೋಟದಲ್ಲಿದ್ರೆ ಕೈ ಇನ್ನೆಲ್ಲಿರುತ್ತೆ?" ಎಂದು ಚುಚ್ಚಿದಳು. ಅತ್ತಿಗೆ ಅದನ್ನು ಬಿಡಿಸಿ ಮತ್ತೆ ಮಡಿಸಿದಳು.

ಹದಿನೈದು ದಿನ ತಡೆದುಕೊಂಡದ್ದೇ ದೊಡ್ಡದು. ಹದಿನಾರನೆಯ ದಿನ ದಬ್ಬಳದಕ್ಕ ಅಂಟಿನ ತಾತನ ಒಲೆಯ ಹತ್ತಿರ ಹೋಗಿ, ಆ ತೋಟದ ಆಟವನ್ನು ತನ್ನ ಫೋನಿಗೆ ಹಾಕಿಕೊಡಲು ಹೇಳಿದಳು. ತಾತನಿಗೆ ಕಿವಿ ಮಂದ, ಬಾಯಿ ಅದಕ್ಕಿಂತ ಮಂದ. ಗುಟ್ಟಿಗೆ ಅವನೇ ಸರಿ.

"ಹೆಸರು ಏನಂತ ಹಾಕ್ಲಮ್ಮಾ?" ಎಂದ ತಾತ.

ಕಿಟಕಿಯ ಸರಳಿನ ಮೇಲೆ ಗುಬ್ಬಿಯೊಂದು ಕೂತಿತ್ತು. "ಗುಬ್ಬಿ," ಎಂದಳು.

ಕಟಿಂಗಿನವಳು ದಿನಾ ಕೂಗಿ ಹೇಳುತ್ತಿದ್ದುದರಿಂದ ಅತ್ತಿಗೆಯ ತೋಟದ ನಂಬರು ಇಡೀ ಕಾರ್ಖಾನೆಗೇ ಬಾಯಿಪಾಠವಾಗಿತ್ತು. ಅದನ್ನು ಒತ್ತಿ, ಅದರ ಪಕ್ಕದ ಖಾಲಿ ಜಾಗವನ್ನೇ ಹಿಡಿದಳು. ಜೊತೆಗಾರರ ಜಾಗವನ್ನು ಖಾಲಿ ಬಿಟ್ಟು ನೀರನ್ನೂ ಕಳೆಯನ್ನೂ ತಾನೇ ನೋಡಿಕೊಂಡಳು. ಆಟ ಅವಳಿಗೆ ಒಂದರಿಂದ ಹದಿನಾರರವರೆಗೆ ಅಂಕಿ ಬರೆದ ಬೀಜದ ಪೊಟ್ಟಣ ಕೊಟ್ಟಿತು, ಹದಿನಾರು ಪಾತಿ ಕೊಟ್ಟಿತು. ಬೇಗ ಬೇಗ ಪೊಟ್ಟಣಗಳನ್ನು ಪಾತಿಗೆ ಹಾಕಿ ಮುಗಿಸಿ, ಬೇಲಿಯ ಹತ್ತಿರ ಹೋಗಿ ಬರೆದಳು: "ನಮಸ್ಕಾರ. ನಾನು ಹೊಸಬಳು. ನಿಮ್ಮ ತೋಟ ಚೆನ್ನಾಗಿದೆ. ನಿಮ್ಮ ಜೊತೆಗಾರ್ತಿ ಕಳೆ ಸರಿಯಾಗಿ ಕೀಳುತ್ತಿಲ್ಲ ಅನಿಸುತ್ತೆ."

ಮೆಟ್ಟಿಲ ಮೇಲೆ ಕೂತಿದ್ದ ಅತ್ತಿಗೆ ಅದನ್ನು ಓದಿದಳು. ತುಂಬ ಹೊತ್ತು ಓದಿದಳು. ಆಮೇಲೆ ಅವಳ ಮುಖದಲ್ಲಿ ನಗು ಹರಡಿತು. ಅಂಥ ನಗುವನ್ನು ದಬ್ಬಳದಕ್ಕ ಮೇಜಿನ ಈ ಬದಿಯಿಂದ ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಬೇಲಿಯ ಮಾತು ದಿನಾ ನಡೆಯಿತು. ಅತ್ತಿಗೆ ಏನು ಬೇಕಾದರೂ ಬರೆಯುತ್ತಿದ್ದಳು. ಗಂಡನ ಗೊರಕೆಯ ಬಗ್ಗೆ, ಅಡುಗೆಮನೆಯ ಸೋರುವ ನಲ್ಲಿಯ ಬಗ್ಗೆ, ಚಿಕ್ಕವಳಿದ್ದಾಗ ಈಜು ಕಲಿಯಬೇಕೆಂದಿದ್ದ ಆಸೆಯ ಬಗ್ಗೆ. ದಬ್ಬಳದಕ್ಕನಿಗೆ ಬರೆಯುವುದು ನಿಧಾನ. ಒಂದೊಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಅತ್ತಿಗೆಯ ಮೂರು ಮಾತು ಬಂದು ಬೀಳುತ್ತಿದ್ದವು. ಹೀಗಾಗಿ ಅವಳು ಹೆಚ್ಚಾಗಿ "ಹೌದಾ?", "ಆಮೇಲೆ?" ಎಂದಷ್ಟೇ ಬರೆಯುತ್ತಿದ್ದಳು. ಈಜಿನ ಆಸೆ ಓದಿ ಕಣ್ಣು ಕೆಂಪಗಾಯಿತು. ಮೂವತ್ತು ವರ್ಷದ ಗೆಳೆತನದಲ್ಲಿ ತನಗೆ ಹೇಳದ್ದನ್ನು ನಿನ್ನೆ ಮೊನ್ನೆ ಬಂದ ಈ ಗುಬ್ಬಿಗೆ ಹೇಳುತ್ತಿದ್ದಾಳಲ್ಲ!

ಒಂದು ದಿನ ಕೆಲಸದ ನಡುವೆ ಅತ್ತಿಗೆ ತಾನಾಗಿ ಬಾಯಿ ಬಿಟ್ಟಳು. "ಆಟದಲ್ಲಿ ಗುಬ್ಬಿ ಅಂತ ಒಬ್ರು ಸಿಕ್ಕಿದ್ದಾರೆ ಕಣೇ. ಎಷ್ಟು ತಾಳ್ಮೆ ಅಂತೀಯಾ! ಮಧ್ಯೆ ಬಾಯಿ ಹಾಕಲ್ಲ, ಚುಚ್ಚಿ ಮಾತಾಡಲ್ಲ. ಸುಮ್ನೆ ಕೇಳಿಸ್ಕೊಳ್ತಾರೆ."

"ಮುಖ ಮೂತಿ ಗೊತ್ತಿಲ್ದೋರನ್ನ ಹೊಗಳೋಕೆ ನಾಚಿಕೆ ಆಗಲ್ವಾ?"

"ಎಲ್ಲ ಕಡೆ ಅಂಥೋರು ಸಿಗ್ತಾರಾ ಹೇಳು," ಎಂದು ಅತ್ತಿಗೆ ಇನ್ನೊಂದು ಫಾರಂ ತಳ್ಳಿದಳು.

ಅಂದು ದಬ್ಬಳದಕ್ಕ ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ಕಟಿಂಗಿನವಳ ಮೇಲಿದ್ದ ಉರಿಯೆಲ್ಲ ಈಗ ಗುಬ್ಬಿಯ ಕಡೆ ತಿರುಗಿತು. ಗುಬ್ಬಿ ತಾನೇ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಸಹಿಸಲಾಗಲಿಲ್ಲ. ಗುಬ್ಬಿಯ ಹೆಸರು ಕೆಡಿಸಬೇಕೆಂದು ಮೂರು ದಿನ ಬೇಲಿಯ ಕಡೆ ತಲೆ ಹಾಕಲಿಲ್ಲ. ಅತ್ತಿಗೆ ಬೈದುಕೊಳ್ಳಲಿ ಎಂದು ಕಾದಳು. ಅತ್ತಿಗೆಯೋ, "ಪಾಪ, ಗುಬ್ಬಿಗೆ ಏನು ಕಷ್ಟವೋ ಏನೋ," ಎಂದು ನಿಟ್ಟುಸಿರು ಬಿಟ್ಟಳು. ತಾನು ಒಂದು ದಿನ ಮಾತು ಬಿಟ್ಟರೆ ಕೊಬ್ಬು ಎನ್ನುವವಳು!

ಆ ವಾರವೇ ಮೇಸ್ತ್ರಿ ಬಂದು ಮೇಜಿನ ಬಳಿ ನಿಂತ. ಮಡಿಸುವ ಮಷೀನು ಬರುತ್ತಿದೆ, ಸೋಮವಾರ ಇಲ್ಲೇ ಕೂರಿಸುತ್ತಾರೆ. ದಬ್ಬಳದ ಕೆಲಸ ಕೈಯಲ್ಲೇ ನಡೆಯುತ್ತದೆ. ಅತ್ತಿಗೆಗೆ ಮಾತ್ರ ಎರಡು ದಾರಿ: ಇಲ್ಲೇ ಇದ್ದು ಮಷೀನಿಗೆ ಹಾಳೆ ಉಣಿಸುವುದು, ಇಲ್ಲವೇ ಮಹಡಿಗೆ ಹೋಗಿ ಕಟಿಂಗಿನವಳ ಜೊತೆ ಕತ್ತರಿಸಿದ ಪುಸ್ತಕಗಳನ್ನು ಪರೀಕ್ಷಿಸುವುದು. "ಶನಿವಾರ ಹೇಳಿ," ಎಂದು ಹೋದ.

ಅಂದರೆ ಈ ಮೇಜಿನ ಆ ಬದಿ ಖಾಲಿಯಾಗಬಹುದು. ದಬ್ಬಳದಕ್ಕ ಎದುರಿಗೆ ಕೂತವಳನ್ನು ಒಂದು ಮಾತು ಕೇಳಬಹುದಿತ್ತು: ಹೋಗಬೇಡ ಕಣೇ. ಗೆಳತಿಗಾಗಿ ಅಣ್ಣನನ್ನೇ ಹಿಡಿದುಕೊಟ್ಟವಳಿಗೆ ಈ ಎರಡು ಪದ ಹೊರಡಲಿಲ್ಲ. ಗುರುವಾರ ಕಳೆಯಿತು. ಶುಕ್ರವಾರ ಅಂಟಿನ ಹೊತ್ತಿಗೆ ಫೋನು ತೆಗೆದು ಗುಬ್ಬಿಯಾಗಿ ಬರೆದಳು: "ಕೆಲಸದ ಕಡೆ ಏನಾದರೂ ಬದಲಾವಣೆಯಾ? ಇರುವ ಜಾಗ ಬಿಟ್ಟು ಹೋಗಬೇಡಿ. ಹೊಸಬರನ್ನು ನಂಬಬೇಡಿ."

ಈ ಸಲ ಉತ್ತರ ಬರಲು ಹೊತ್ತಾಯಿತು. ಮೆಟ್ಟಿಲ ಮೇಲೆ ಅತ್ತಿಗೆ ತೋರುಬೆರಳಿನಿಂದ ಮಾತ್ರ ಒತ್ತುತ್ತಿದ್ದಳು. ಇನ್ನೊಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ನನ್ನ ಬಲಗೈ ಹೆಬ್ಬೆರಳಿನ ಗೆಣ್ಣು ಸವೆದುಹೋಗಿದೆ ಗುಬ್ಬಿ. ಡಾಕ್ಟರು ಮಡಿಸೋದೂ ಬೇಡ, ಹಾಳೆ ಎಳೆಯೋದೂ ಬೇಡ ಅಂದಿದ್ದಾರೆ. ಏಳು ತಿಂಗಳಾಯ್ತು. ನನ್ನ ನಾದಿನಿಗೆ ಹೇಳಿಲ್ಲ. ಹೇಳಿದ್ರೆ ನನ್ನ ಪಾಲಿನದನ್ನೂ ಅವಳೇ ಮಡಿಸ್ತಾಳೆ. ಒಂದು ಸಲ ನನಗೆ ಜ್ವರ ಬಂದಾಗ ಎಂಟು ದಿನ ಎರಡೂ ಕೆಲಸ ಮಾಡಿ ಕಣ್ಣು ಊದಿಸಿಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಹಾವು ಏಣಿ ಬಿಟ್ಟದ್ದೂ ಅದಕ್ಕೇ. ಫೋನು ಕೈ ಬದಲಾಯಿಸುವಾಗ ಎರಡು ಸಲ ಜಾರಿತು. ಎದುರಿಗೇ ಕೂತಿದ್ದರೆ ಅವಳ ಕಣ್ಣಿಗೆ ಬೀಳದೆ ಇರುತ್ತಾ?"

ಸ್ವಲ್ಪ ಹೊತ್ತಿಗೆ ಇನ್ನೂ ಒಂದು ಬಂತು.

"ಮೇಲೆ ಹೋದರೆ ಕೈಗೆ ಆರಾಮ. ಆದ್ರೆ ಅವಳು ಹೋಗು ಅನ್ನದೆ ನಾನು ಹೋಗಲ್ಲ. ನೋವಾದ್ರೂ ಇಲ್ಲೇ ಇರ್ತೀನಿ."

ದಬ್ಬಳದಕ್ಕ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅತ್ತಿಗೆಯ ಕಡೆ ಇನ್ನೂ ಹೊಲಿಯದ ಫಾರಮ್ಮುಗಳು ಇದ್ದವು. ಮೇಲಿನದನ್ನು ಎತ್ತಿ ನೋಡಿದಳು. ಕೂದಲೆಳೆಯಷ್ಟು ಓರೆ. ಹೆಬ್ಬೆರಳಿನಿಂದ ಒತ್ತಿ ತೀಡುವ ಜಾಗದಲ್ಲೇ ಓರೆ. ಅದನ್ನು ಹಿಡಿದೇ ಅಲ್ಲವೇ ತಾನು ಚುಚ್ಚಿದ್ದು? ಅವಳಿಗೆ ಅಳು ಬಂತು. ಅಳುವಿನ ನಡುವೆಯೂ, ಇಷ್ಟು ದೊಡ್ಡ ಸಂಗತಿಯನ್ನು ಗುಬ್ಬಿಗೆ ಹೇಳಿದಳಲ್ಲ, ನನಗೆ ಹೇಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಆ ಸಂಜೆ ಬಸ್ಸಿನಲ್ಲಿ ಕೂತು ಯೋಚಿಸಿದಳು. ಸುಮ್ಮನಿದ್ದರೆ ಸಾಕು, ಅತ್ತಿಗೆ ಉಳಿಯುತ್ತಾಳೆ. ಏನೂ ಮಾಡಬೇಕಿಲ್ಲ, ಒಂದು ಪದ ಹೇಳದಿದ್ದರಾಯಿತು. ಇಷ್ಟು ಸುಲಭವಾಗಿ ಗೆಲ್ಲುವ ಅವಕಾಶ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ಅದನ್ನು ನೆನೆದು ಎರಡು ನಿಲ್ದಾಣದವರೆಗೆ ಖುಷಿಪಟ್ಟದ್ದೂ ನಿಜ. ಇಳಿಯುವಾಗ ಕಂಬಿ ಹಿಡಿದ ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಅಷ್ಟರಲ್ಲಿ ಖುಷಿ ಇಳಿದುಹೋಗಿತ್ತು.

ಶನಿವಾರ ಮೇಸ್ತ್ರಿ ಬಂದ. "ಏನು ತೀರ್ಮಾನ ಮಾಡಿದ್ರಿ?"

ಅತ್ತಿಗೆ ನಾದಿನಿಯ ಕಡೆ ನೋಡಿದಳು.

"ನನ್ನ ಮುಖ ಯಾಕೆ ನೋಡ್ತೀಯಾ?" ದಬ್ಬಳದಕ್ಕ ದಾರ ಕಚ್ಚಿ ತುಂಡರಿಸಿದಳು. "ಹೋಗು ಮೇಲೆ. ಓರೆ ಮಡಿಕೆ ಹೊಲಿದೂ ಹೊಲಿದೂ ನನಗೂ ಸಾಕಾಗಿದೆ."

"ನಿಜವಾಗ್ಲೂ ಹೇಳ್ತಿದ್ದೀಯಾ?"

"ಹೋಗು ಅಂದೆನಲ್ಲ. ಬರೆದುಕೊಡ್ಬೇಕಾ?"

ಮೇಸ್ತ್ರಿ ತಲೆಯಾಡಿಸಿ ಹೋದ. ಅತ್ತಿಗೆ ಎದ್ದು, ಮಡಿಕೆ ತೀಡುವ ತನ್ನ ಮೂಳೆಪಟ್ಟಿಯನ್ನು ಒರೆಸಿ, ನಾದಿನಿಯ ಬದಿಗೆ ಇಟ್ಟಳು. ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಟವಳು ನಿಂತಳು.

"ಗುಬ್ಬಿಗೂ ಹೇಳ್ಬಿಡು, ನಾನು ಮೇಲೆ ಹೋದೆ ಅಂತ."

"ಯಾವ ಗುಬ್ಬಿ?"

"ಒಂದರ ಪಕ್ಕ ಹದಿನಾರು ನೆಟ್ಟಿದೆಯಲ್ಲ, ಆ ಗುಬ್ಬಿ. ನಾಲ್ಕರ ಪಕ್ಕ ಹದಿಮೂರು. ಲೋಕದಲ್ಲಿ ಎಲ್ಲರೂ ಒಂದರ ಪಕ್ಕ ಎರಡು ನೆಡ್ತಾರೆ ಕಣೇ."

ದಬ್ಬಳದಕ್ಕನ ಕೈಯಲ್ಲಿದ್ದ ದಬ್ಬಳ ಅಲ್ಲೇ ನಿಂತಿತು. ಅಂದು ಬೇಗ ಬೇಗ ಪೊಟ್ಟಣ ಹಾಕಿದ್ದು ನೆನಪಿಗೆ ಬಂತು. ಕೈ ತಾನಾಗಿ ಓಡಿತ್ತು, ತಲೆ ಜೊತೆಗಿರಲಿಲ್ಲ.

"ಯಾವಾಗಿಂದ ಗೊತ್ತು?"

"ಮೊದಲ್ನೇ ದಿನದಿಂದ."

"ಮತ್ತೆ... ತಾಳ್ಮೆ ಅಂತೆ, ಕೇಳಿಸ್ಕೊಳ್ತಾರೆ ಅಂತೆ... ನನ್ನೆದುರಿಗೇ ಕೂತು ಅಷ್ಟೊಂದು ಹೊಗಳಿದ್ದು?"

"ಹೊಗಳದೆ ಇರೋಕಾಗುತ್ತಾ? ನೀನು ಬಾಯಿ ಮುಚ್ಕೊಂಡು ನನ್ನ ಮಾತು ಕೇಳಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು."

ಅಂಟಿನ ತಾತ ಒಲೆಯ ಹಿಂದೆ ಕಿಸಕ್ಕೆಂದು ನಕ್ಕ. ಅವನ ಕಿವಿ ಅಷ್ಟೇನೂ ಮಂದವಿರಲಿಲ್ಲವೆಂದು ಆಗ ಗೊತ್ತಾಯಿತು.

ಸೋಮವಾರ ಮೇಜಿನ ಆ ಬದಿಗೆ ಮಷೀನು ಬಂದು ಕೂತಿತು. ಹಾಳೆ ಉಣಿಸಲು ಬೇರೊಬ್ಬಳನ್ನು ಹಾಕಿದ್ದರು, ಅವಳದು ಮಾತಿಲ್ಲ ಕತೆಯಿಲ್ಲ. ಮಷೀನಿನ ಮಡಿಕೆಯಲ್ಲಿ ಏನಾದರೂ ಓರೆ ಸಿಕ್ಕೀತೆಂದು ದಬ್ಬಳದಕ್ಕ ಒಂದೊಂದೇ ಫಾರಂ ಎತ್ತಿ ಬೆಳಕಿಗೆ ಹಿಡಿದಳು. ಎಳ್ಳಷ್ಟೂ ಸಿಗಲಿಲ್ಲ. ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ಹನ್ನೊಂದಕ್ಕೆ ಅಂಟಿನ ಹೊತ್ತು. ಮಷೀನು ನಿಂತಿತು, ಫ್ಯಾನು ನಿಂತಿತು. ಲಾರಿಯ ಆಟದಲ್ಲಿ ತಾತ ಕೆಂಪು ದೀಪಕ್ಕೆ ನಿಂತಿದ್ದ, ಚಿನ್ನದ ಅಕ್ಷರದವನು ಪೊದೆಯೊಳಗೆ ಸೇರಿದ್ದ. ಮಹಡಿಯಲ್ಲಿ ಕಟಿಂಗಿನವಳು ಏನೋ ಹೇಳಿದಳು, ಅತ್ತಿಗೆ ನಕ್ಕಳು. ಅವಳ ನಗು ಹಲಗೆಗಳ ಸಂದಿನಿಂದ ಇಳಿದು ಸೀದಾ ಮೇಜಿಗೆ ಬಂತು. ತೋಟದಲ್ಲಿ ಅತ್ತಿಗೆಯ ಜೊತೆಗಾರ್ತಿ ಈಗಲೂ ಕಟಿಂಗಿನವಳೇ. ಇವಳ ಪಾಲಿಗೆ ಉಳಿದದ್ದು ಬೇಲಿ.

ದಬ್ಬಳದಕ್ಕ ಫೋನು ತೆಗೆದು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಬೇಲಿಯಾಚೆಗೆ ಬರೆದಳು:

"ಅವಳ ಜೊತೆ ಅಷ್ಟು ಜೋರಾಗಿ ನಗಬೇಡ. ಕೆಳಗೆ ಕೇಳಿಸುತ್ತೆ. ನನಗೆ ತಡೆಯೋಕಾಗಲ್ಲ."

ಮೇಲಿನ ನಗು ಗಕ್ಕನೆ ನಿಂತಿತು. ಕಟ್ಟಡ ಪೂರ್ತಿ ಸದ್ದಿಲ್ಲದಂತಾಯಿತು. ಅಂಟು ಒಣಗುತ್ತಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ಮಹಡಿಯ ಕಡೆ ಕಿವಿ ನೆಟ್ಟು ಕೂತ ದಬ್ಬಳದಕ್ಕನಿಗೆ ಅದೂ ಸರಿಬರಲಿಲ್ಲ. ಮತ್ತೆ ಫೋನಿನ ಮೇಲೆ ಬಾಗಿ ಇನ್ನೊಂದು ಸಾಲು ಒತ್ತಿದಳು:

"ಸರಿ. ನಗು."